ಸುಂಕಪ್ಪನ ಶಾಫ್ಟಿನ ನರೂಲಿ

"ಬರೋ ಸೋಮವಾರ ನಿಮ್ಮವ್ವನ್ನ ನನ್ನ ಕಾರಿನ್ಯಾಗ ಕುರುಗೋಡು ಜಾತ್ರಿಗೆ ಕರ್ಕೊಂಡು ಹೋಗಲಿಲ್ಲಂದ್ರ ನನ್ನ ಹೆಸರು ಸುಂಕಪ್ಪ ಅಲ್ಲ!"

ಬಳ್ಳಾರಿಯ ಸುಂಕಪ್ಪ ಮೀಸೆ ತಿರುವಿ ಹೀಗೆ ಘೋಷಿಸಿದ್ದು ಒಲೆಯ ಮುಂದೆ. ಹೆಂಡತಿ ಈರಮ್ಮ ತಲೆ ಎತ್ತದೆ ರೊಟ್ಟಿ ತಿರುವಿ ಹಾಕಿದಳು. "ಹಂಗಾರ ಈಗಿಂದನ ಒಂದು ಬ್ಯಾರೆ ಹೆಸರು ನೋಡಿ ಇಡ್ರಿ" ಎಂದಳು.

ಆಕೆಯ ಮಾತಿಗೆ ಕಾರಣವಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಹಿಡಿದ ಆ ಕಾರಿನಲ್ಲಿ ಅತ್ತೆ ಹಂಪಮ್ಮ ಕೂತದ್ದು ಒಂದೇ ಸಲ. ಆಕೆಯ ಊರು ಸಿರುಗುಪ್ಪದಿಂದ ಹೊರಟು ದೇಶನೂರಿನ ಗದ್ದೆಗಳ ಹತ್ತಿರ ಬರುವಷ್ಟರಲ್ಲಿ ಕಾರಿಗೆ ಎಂಥ ನಡುಕ ಹತ್ತಿತೆಂದರೆ, ಎಲೆಯಡಿಕೆ ಚೀಲ ತಾನೇ ಬಾಯಿ ಬಿಚ್ಚಿ, ಸುಣ್ಣದ ಡಬ್ಬಿ ಹಾರಿ ಅಳಿಯನ ತಲೆಗೆ ಅಭಿಷೇಕ ಮಾಡಿತು! ಹಂಪಮ್ಮ ಅಲ್ಲೇ ಇಳಿದು ಮನೆ ಕಡೆ ನಡೆದೇ ಬಿಟ್ಟಳು. "ಅಳಿಯಂದ್ರ, ಸತ್ತ ಮ್ಯಾಗೂ ನನ್ನ ಇದರಾಗ ಹೇರಬ್ಯಾಡ್ರಿ!" ಎಂದು ಗದ್ದೆಯವರಿಗೆಲ್ಲ ಕೇಳುವಂತೆ ಕೂಗಿ ಹೋದಳು. ಅಂದಿನಿಂದ ಸಿರುಗುಪ್ಪದಲ್ಲಿ ಸುಂಕಪ್ಪ ತಲೆ ಎತ್ತಿ ತಿರುಗಾಡಿದ್ದಿಲ್ಲ.

ನಡುಕದ ಮೂಲವನ್ನು ಮೇಸ್ತ್ರಿ ಖಾಜಾ ಪತ್ತೆ ಮಾಡಿದ. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗೆ ಮುಟ್ಟಿಸುವ ಉದ್ದನೆಯ ಉಕ್ಕಿನ ಕೊಳವೆ ಇರುತ್ತದಲ್ಲ, ಶಾಫ್ಟು, ಅದರ ತುದಿಯ ಕೀಲು ಸವೆದಿತ್ತು. ಗಾಲಿಗಳಿಗೆ ಕಲ್ಲು ಕೊಟ್ಟು, ಕಾರಿನ ಕೆಳಗೆ ಮರದ ದಿಮ್ಮಿ ಇಟ್ಟು, ಅಲುಗಾಡುವುದಿಲ್ಲ ಎಂದು ಮೂರು ಸಲ ತಳ್ಳಿ ನೋಡಿ, ಆಮೇಲೆ ಶಾಫ್ಟು ಬಿಚ್ಚಿದ. ಹೊಸ ಕೀಲು ಹಾಕಿ ಸುಂಕಪ್ಪನ ಕೈಗೆ ಕೊಟ್ಟ. "ಸುಂಕಣ್ಣ, ತುಕ್ಕು ತಿಕ್ಕಿ ಬಣ್ಣ ಹಚ್ಚು. ಅಷ್ಟ. ಹೆಚ್ಚಿನ ಶಾಣೇತನ ಬ್ಯಾಡ."

ಶಾಣೇತನ ಬೇಡವೆಂದರೆ ಸುಂಕಪ್ಪನಿಗೆ ಊಟ ಬೇಡವೆಂದ ಹಾಗೆ. ಅಂಗಳದಲ್ಲಿ ಶಾಫ್ಟನ್ನು ಕೂಸಿನಂತೆ ಮಲಗಿಸಿ ಸೀಮೆಎಣ್ಣೆಯ ಅಭ್ಯಂಜನ ಮಾಡಿಸಿದ. ಉಜ್ಜಿ ಉಜ್ಜಿ ತುಕ್ಕು ಹೋಗಿ ಉಕ್ಕು ಬೆಳಗಿತು. ಒಂದು ಕಡೆ ಮಾತ್ರ ಬೆರಳಗಲದ ಕಬ್ಬಿಣದ ತುಂಡು ಅಂಟಿಕೊಂಡಿತ್ತು.

"ನೋಡಿಲ್ಲಿ ಈರಿ, ನರೂಲಿ!"

"ಅದನ್ನ ಮುಟ್ಟಬ್ಯಾಡ್ರಿ. ಮಾಡಿದವರಿಗೆ ಹುಚ್ಚು ಹಿಡಿದಿತ್ತೇನು, ಸುಮ್ಮನ ಅಂಟಿಸಾಕ?"

"ಲೇ, ಬೆಸುಗಿ ಹಾಕುವಾಗ ಸಿಡಿದು ಬಿದ್ದೈತಿ ಅಷ್ಟ. ಮದಲಿಂಗನ ಮಾರಿ ಮ್ಯಾಲೆ ನರೂಲಿ ಇದ್ರ ಚೆಂದೇನು?"

ಉಳಿ, ಸುತ್ತಿಗೆ, ಠಣ್! ತುಂಡು ಹಾರಿ ಬೇಲಿಯಾಚೆ ಎಲ್ಲೋ ಬಿತ್ತು. ಇದ್ದ ಗುರುತೂ ಸಿಗದ ಹಾಗೆ ಅರದಿಂದ ತಿಕ್ಕಿ, ಕರಿ ಬಣ್ಣ ಬಳಿದು, ಅರಿಸಿನ ಕುಂಕುಮ ಹಚ್ಚಿ, ತಾನೇ ಕಾರಿಗೆ ಜೋಡಿಸಿದ. ಖಾಜಾ ಬರುವವರೆಗೆ ಕಾಯುವ ತಾಳ್ಮೆ ಯಾರಿಗಿದೆ!

ರೂಪನಗುಡಿ ದಾರಿಯಲ್ಲಿ ಪರೀಕ್ಷೆ ನಡೆಯಿತು. ನಿಧಾನವಾಗಿ ಹೋಗುವಾಗ ಕಾರು ಬೆಣ್ಣೆ. ಸುಂಕಪ್ಪ ವೇಗ ಏರಿಸಿದ. ಮೊದಲು ಪಾದ ಜುಮ್ಮೆಂದಿತು. ಹಲ್ಲು ಕಟಕಟಿಸಿದವು. ಬಾಗಿಲು ಹೇಳದೆ ಕೇಳದೆ ತೆರೆದುಕೊಂಡಿತು. ಕನ್ನಡಿಯಲ್ಲಿ ಅವನಿಗೆ ತನ್ನ ಮೂಗು ನಾಲ್ಕಾಗಿ ಕಂಡಿತು! ಹಳೆಯ ನಡುಕ ಇದರ ಮುಂದೆ ತೊಟ್ಟಿಲು ತೂಗಿದಂತೆ. ಬೆರಳಗಲದ ಕಬ್ಬಿಣ, ಅದು ಇಲ್ಲವೆಂದು ಇಡೀ ಕಾರು ಹೀಗೆ ಎದೆ ಬಡಿದುಕೊಳ್ಳುತ್ತದೆಯೇ! ಸುಂಕಪ್ಪನಿಗೆ ಭಯಕ್ಕಿಂತ ಹೆಚ್ಚಾಗಿ ಬೆರಗಾಯಿತು. ಆಮೆಯಂತೆ ಊರು ಸೇರುವಷ್ಟರಲ್ಲಿ ಎರಡು ಎತ್ತಿನ ಬಂಡಿಗಳು ಅವನನ್ನು ದಾಟಿ ಹೋಗಿದ್ದವು.

ಖಾಜಾ ಬಂದವನೇ ತಲೆ ಮೇಲೆ ಕೈ ಹೊತ್ತ. "ಯಾ ಅಲ್ಲಾ! ಅದು ತೂಕದ ತುಂಡೋ ಮಾರಾಯಾ! ಕೊಳವಿ ಒಂದು ಮಗ್ಗಲಾಗ ಹಗುರ ಇರ್ತೈತಿ, ಸರಿದೂಗ್ಲಿ ಅಂತ ಅಂಟಿಸಿರ್ತಾರ. ಇನ್ನೊಂದಿಷ್ಟು ಜೋರು ಬಿಟ್ಟಿದ್ರ ಶಾಫ್ಟು ಕಿತ್ತು ನೆಲಕ್ಕ ನೆಟ್ಟು, ಕಾರು ನಿನ್ನ ಸಮೇತ ಲಾಗ ಹಾಕ್ತಿತ್ತು! ಎಲ್ಲಿತ್ತು, ತೋರಿಸು."

ಖಾಜಾ ಮತ್ತೆ ಬಿಚ್ಚಿ ಕೊಟ್ಟ ಶಾಫ್ಟಿನ ಮೈಯೆಲ್ಲ ಸುಂಕಪ್ಪ ತಡಕಿದ. ಎಲ್ಲಿ ನೋಡಿದರೂ ಒಂದೇ ಕಪ್ಪು, ಒಂದೇ ನುಣುಪು. ಜನ್ಮದಲ್ಲಿ ಅವನು ಅಚ್ಚುಕಟ್ಟಾಗಿ ಮಾಡಿದ ಕೆಲಸ ಅದೊಂದೇ!

"ಹಂಗಾರ ತೂಕ ಸರಿ ಮಾಡಿಸಾಕ ಮದ್ರಾಸಿಗೆ ಕಳಿಸಬೇಕು. ತಿಂಗಳು ಹಿಡೀತೈತಿ" ಎಂದ ಖಾಜಾ. ಅಂದು ಶನಿವಾರ. ಸುಂಕಪ್ಪ ಅಂಗಳದಲ್ಲೇ ಕುಸಿದು ಕೂತ.

ಆಗ ಈರಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ದಿನಾ ರಾಟೆಯಲ್ಲಿ ಹತ್ತಿ ನೂಲುವವಳು ಆಕೆ. "ಕದಿರು ನಡುಗಿದ್ರ ನೂಲು ಹರೀತೈತಿ. ಯಾವ ಮಗ್ಗಲು ಭಾರ ಅಂತ ಕದಿರನ್ನ ಕೇಳಿದ್ರ ಅದ ಹೇಳ್ತೈತಿ. ಇದನ್ನೂ ಕೇಳೋಣು" ಎಂದಳು.

ಎರಡು ನೆಟ್ಟನೆಯ ಕಬ್ಬಿಣದ ಪಟ್ಟಿಗಳನ್ನು ಅಕ್ಕಪಕ್ಕ ಇಡಿಸಿದಳು. ತಟ್ಟೆಯಲ್ಲಿ ನೀರಿಟ್ಟು ಅವು ಸಮವಾಗಿವೆಯೇ ನೋಡಿದಳು. ಅವುಗಳ ಮೇಲೆ ಶಾಫ್ಟನ್ನು ಅಡ್ಡ ಮಲಗಿಸಿ ಮೆಲ್ಲಗೆ ಬಿಟ್ಟಳು. ಅದು ಉರುಳಿತು, ತೂಗಾಡಿತು, ನಿಂತಿತು. ಎಷ್ಟು ಸಲ ಬಿಟ್ಟರೂ ಒಂದೇ ಮಗ್ಗುಲು ಕೆಳಗೆ! ಮೇಲೆ ನಿಂತ ಹಗುರ ಮಗ್ಗುಲಿಗೆ ಆಕೆ ಒಂದು ಚಿಟಿಕೆ ನಾದಿದ ಜೋಳದ ಹಿಟ್ಟು ಮೆತ್ತಿದಳು. ಮತ್ತೆ ಬಿಟ್ಟಳು. ಇನ್ನೊಂದು ಚಿಟಿಕೆ. ಕಡೆಗೆ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು ಶಾಫ್ಟು, ಹೇಳಿದ ಮಾತು ಕೇಳುವ ಎತ್ತಿನಂತೆ.

ಖಾಜಾನ ಬೀಡಿ ಆರಿದ್ದು ಅವನಿಗೇ ತಿಳಿಯಲಿಲ್ಲ. ಸುಂಕಪ್ಪ ಕೈ ಮುಗಿದು ನಿಂತಿದ್ದ. ಉಕ್ಕಿಗೋ, ಹಿಟ್ಟಿಗೋ, ಹೆಂಡತಿಗೋ, ಅವನಿಗೂ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದು ಈಕೆಗೆ ಇಷ್ಟು ತಿಳಿದಿದೆ ಎಂಬುದೇ ತನಗೆ ತಿಳಿದಿರಲಿಲ್ಲವಲ್ಲ!

"ಅಕ್ಕಾ, ಮೇಸ್ತ್ರಿ ಅನ್ನಿಸ್ಕೊಳ್ಳಾಕ ನನಗ ನಾಚಿಕಿ ಆಗ್ತೈತಿ" ಎಂದ ಖಾಜಾ. ಆ ಹಿಟ್ಟನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ಅಷ್ಟೇ ತೂಕದ ಉಕ್ಕಿನ ತುಂಡನ್ನು ಅದೇ ಜಾಗಕ್ಕೆ ಬೆಸೆದ. ಶಾಫ್ಟನ್ನು ಕಾರಿಗೆ ಜೋಡಿಸಿ, ಅಕಸ್ಮಾತ್ ಅದು ಕಳಚಿದರೂ ನೆಲಕ್ಕೆ ಬೀಳದಿರಲೆಂದು ಕೆಳಗೆ ಒಂದು ಪಟ್ಟಿಯನ್ನೂ ಬಿಗಿದ. ಭಾನುವಾರ ಕಾರು ಅದೇ ದಾರಿಯಲ್ಲಿ ಹಾರಿತು. ನಡುಕದ ಸುಳಿವಿಲ್ಲ!

ಸೋಮವಾರ ಹಂಪಮ್ಮ ಸಿರುಗುಪ್ಪದ ಬಸ್ಸಿನಿಂದ ಇಳಿದಳು. ಸುಂಕಪ್ಪ ಕಾರಿನ ಬಾಗಿಲು ತೆರೆದು ದಿವಾನನಂತೆ ಬಾಗಿದ. ಮಗಳ ಬಲವಂತಕ್ಕೆ ಆಕೆ ಒಂದು ಕಾಲು ಮೆಟ್ಟಿಲ ಮೇಲಿಟ್ಟಳು.

"ನಡುಕ ಹೋತೇನ್ರಿ ಅಳಿಯಂದ್ರ?"

"ಬೇರು ಸಮೇತ ಹೋತ್ರಿ ಅತ್ತಿ!"

"ರಿಪೇರಿ ಮಾಡಿದವರು ಯಾರು?"

ಈರಮ್ಮ ಆಕಾಶ ನೋಡಿದಳು. ಸುಂಕಪ್ಪನ ಕೈ ತಾನಾಗಿ ಮೀಸೆಗೆ ಹೋಯಿತು. "ಮತ್ಯಾರ್ರಿ? ನಾನೇ!"

ಕಾಲು ಕೆಳಗಿಳಿಯಿತು. ಹಂಪಮ್ಮನ ಕಣ್ಣು ಕುರುಗೋಡಿನ ಬಸ್ಸನ್ನು ಹುಡುಕತೊಡಗಿತು.

"ನಿಲ್ರಿ, ನಿಲ್ರಿ! ಖಾಜಾ ಮೇಸ್ತ್ರಿನೂ ಇದ್ದ!"

ಕಾಲು ನೆಲ ಬಿಟ್ಟಿತು, ಮೆಟ್ಟಿಲು ಮುಟ್ಟಲಿಲ್ಲ. ಬಸ್ಸಿನವನು ಹಾರ್ನ್ ಹೊಡೆದ. ಸುಂಕಪ್ಪ ಮೀಸೆಯಿಂದ ಕೈ ತೆಗೆದ.

"ನೋಡಾಕ ಚೆಂದ ಇರ್ಲಿ ಅಂತ ಕೆಡಿಸಿದ್ದು ನಾನ್ರಿ. ಸರಿ ಮಾಡಿದಾಕಿ ನಿಮ್ಮ ಮಗಳು!"

ಹಂಪಮ್ಮ ಸರಕ್ಕನೆ ಹತ್ತಿ, ಹಿಂದಿನ ಸೀಟಿನ ತುಂಬ ಹರಡಿಕೊಂಡು ಕೂತಳು.

"ಮೊದಲ ಹೇಳಬಾರದೇನ್ರಿ? ಈರಿ, ನೀ ಮುಂದ ಕುಂದ್ರವ್ವಾ. ಅಳಿಯಂದ್ರು ಗಾಡಿ ಹೊಡೀಲಿ, ಬ್ಯಾಡ ಅನ್ನಂಗಿಲ್ಲ. ದಾರ್‍ಯಾಗ ಏನನ್ನೂ ಚೆಂದ ಮಾಡದಂಗ ನೋಡ್ಕೋ!"