ಸೆವರಿನ್ ಮಾಷ್ಟ್ರ ಆಸಿಡ್ ಪರೀಕ್ಷೆ

ಉಪ್ಪಳದ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಸೆವರಿನ್ ಮಾಷ್ಟ್ರಿಗೆ ಶಾಲೆಯಲ್ಲಿದ್ದ ಮರ್ಯಾದೆಯ ಕಾಲು ಭಾಗವೂ ಮನೆಯಲ್ಲಿರಲಿಲ್ಲ. ಊಟಕ್ಕೆ ಕೂತು, "ಧಾತು, ಸಂಯುಕ್ತ, ಮಿಶ್ರಣ. ಜಗತ್ತಿನ ಸಕಲ ದ್ರವ್ಯವೂ ಈ ಮೂರರಲ್ಲಿ ಒಂದು. ನಿನ್ನ ಈ ಸಾರು ಭಿನ್ನಜಾತೀಯ ಮಿಶ್ರಣ" ಎಂದರೆ ಹೆಂಡತಿ ಫೆಲ್ಸಿ, "ಸಾರಿನಲ್ಲೂ ಜಾತಿ ನೋಡುವವರಿಗೆ ಬಂಗುಡೆ ಮೀನು ಇಲ್ಲ" ಎಂದು ಸೌಟು ಹಿಂದೆಳೆಯುತ್ತಿದ್ದಳು. ವಿಜ್ಞಾನ ಅಲ್ಲಿಗೆ ಮೌನವ್ರತ ಹಿಡಿಯುತ್ತಿತ್ತು.

ಹೀಗಿರುವಾಗ, ತೊಂಬತ್ತೆರಡರ ಬೇಸಿಗೆಯಲ್ಲಿ, ಪಕ್ಕದ ಮನೆಯ ನಬೀಸುಮ್ಮನ ಗಂಡ ದುಬೈಯಿಂದ ರಜೆಗೆ ಬಂದ. ನಬೀಸುಮ್ಮನ ಕೊರಳಿಗೆ ಹೊಸ ಸರವೂ ಬಂತು. ಅದರ ಹೊಳಪಿಗೆ ಫೆಲ್ಸಿಯ ಕಣ್ಣು ಕೋರೈಸಿತು, ಮಾಷ್ಟ್ರ ಕಿವಿ ತೂತಾಯಿತು.

"ಅವರ ಗಂಡ ತಂದದ್ದು ನೋಡಿದ್ರಾ? ನೀವು ತರುದು ಬರೀ ಚಾಕ್‌ಪೀಸಿನ ಹುಡಿ, ಅದೂ ಅಂಗಿಯಲ್ಲಿ!"

"ಹೊಳೆಯುದೆಲ್ಲ ಚಿನ್ನವಾ? ಅದು ಗಿಲೀಟು. ನಾಳೆ ಅವರನ್ನು ಕರಿ, ರುಜು ಮಾಡ್ತೇನೆ."

ಮರುದಿನ ಮಾಷ್ಟ್ರು ಶಾಲೆಯಿಂದ ನೈಟ್ರಿಕ್ ಆಸಿಡಿನ ಸಣ್ಣ ಸೀಸೆಯನ್ನು (ಹೆಡ್‌ಮಾಷ್ಟ್ರಿಗೆ ಹೇಳದೆ) ತಂದರು. ಜಗಲಿಯಲ್ಲಿ ನಬೀಸುಮ್ಮ, ಫೆಲ್ಸಿ, ಮೂಲೆಯಲ್ಲಿ ಜಪಸರ ಹಿಡಿದ ಮಾಷ್ಟ್ರ ತಾಯಿ ರೋಸ್ಮೇರಿಬಾಯಿ ಕೂತರು. ಉಪನ್ಯಾಸ ಶುರುವಾಯಿತು.

"ಬಣ್ಣ, ಹೊಳಪು, ಸಾಂದ್ರತೆ, ಇವು ಭೌತಿಕ ಗುಣ. ವಸ್ತುವನ್ನು ಬದಲಿಸದೆ ನೋಡಬಹುದು. ಆಸಿಡ್ ತಾಗಿದರೆ ಬೇರೆ ವಸ್ತು ಆಗ್ತದಲ್ಲ, ಅದು ರಾಸಾಯನಿಕ ಗುಣ."

"ಅಂದ್ರೆ ಹಾಳು ಮಾಡಿಯೇ ನೋಡುದಾ ಮಾಷ್ಟ್ರೇ?" ನಬೀಸುಮ್ಮ ಸರವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಚಿನ್ನವಾದರೆ ಎಂತದೂ ಆಗುದಿಲ್ಲ. ತಾಮ್ರವಾದರೆ ನೊರೆ ಬಂದು ಹಸಿರಾಗ್ತದೆ."

ನಬೀಸುಮ್ಮ ಸರ ಬಿಚ್ಚಿ ಕೊಟ್ಟಳು. ಮಾಷ್ಟ್ರು ಕೊಕ್ಕೆಯ ಬಳಿ ಅರದಿಂದ ಸ್ವಲ್ಪ ಕೆರೆದು ಒಂದು ಹನಿ ಬಿಟ್ಟರು. ಎಂತದೂ ಆಗಲಿಲ್ಲ. ಇನ್ನೊಂದು ಹನಿ ಬಿಟ್ಟು, ಬಗ್ಗಿ, ಕನ್ನಡಕ ಒರೆಸಿ ನೋಡಿದರು. ಸರ ಸಂತನ ಹಾಗೆ ಶಾಂತವಾಗಿತ್ತು.

"ಶುದ್ಧ ಚಿನ್ನ" ಎಂದು ಅವರು ಹಲ್ಲುನೋವಿನವರಂತೆ ಹೇಳಿದರು.

"ಅದು ನನಗೆ ಮೊದಲೇ ಗೊತ್ತುಂಟು" ಎಂದು ನಬೀಸುಮ್ಮ ನಕ್ಕಳು.

ಅಷ್ಟಕ್ಕೆ ಸೀಸೆಯ ಮುಚ್ಚಳ ಹಾಕಿದ್ದರೆ ಮಾಷ್ಟ್ರು ಬಚಾವಾಗುತ್ತಿದ್ದರು. ಆದರೆ ಫೆಲ್ಸಿ ತನ್ನ ಮದುವೆಯ ಸರ ಬಿಚ್ಚಿ ಮುಂದಿಟ್ಟಳು. "ಇದನ್ನೂ ನೋಡಿ. ನಮ್ಮದೇನು ಕಡಿಮೆಯಾ?"

ಅದು ಮುತ್ತಜ್ಜಿಯ ಕಾಲದ್ದು ಎಂದು ಮನೆಯಲ್ಲಿ ಹೇಳುತ್ತಿದ್ದ ಸರ. ಮದುವೆಯ ದಿನ ರೋಸ್ಮೇರಿಬಾಯಿಯೇ ಸೊಸೆಯ ಕೊರಳಿಗೆ ಹಾಕಿದ್ದು. ಮಾಷ್ಟ್ರು ಎದೆಯುಬ್ಬಿಸಿ ಕೆರೆದರು, ಹನಿ ಬಿಟ್ಟರು.

ಬುಸ್ ಎಂದಿತು. ನೊರೆ ಎದ್ದಿತು. ಹಸಿರೋ ಹಸಿರು!

ನಬೀಸುಮ್ಮ ಮೆಲ್ಲಗೆ, "ಒಲೆಯಲ್ಲಿ ಹಾಲುಂಟು" ಎಂದು ಎದ್ದು ಹೋದಳು.

"ಈ ಸರ ಹಾಕಿ ನನ್ನ ಕುತ್ತಿಗೆಯಲ್ಲಿ ಹಸಿರು ಕಲೆ ಆದಾಗ ನೀವು ಎಂತ ಹೇಳಿದ್ರಿ?" ಫೆಲ್ಸಿಯ ಧ್ವನಿ ತಣ್ಣಗಿತ್ತು. "ನನ್ನ ಬೆವರೇ ಆಸಿಡ್ ಅಂತ ಅಲ್ವಾ?"

ಮಾಷ್ಟ್ರು ತಾಯಿಯತ್ತ ತಿರುಗಿದರು. "ಅಮ್ಮಾ, ಇದೆಂತ?"

ರೋಸ್ಮೇರಿಬಾಯಿ ಆ ಮಣಿಯ ಜಪ ಮುಗಿಸಿಯೇ ಬಾಯಿ ತೆರೆದರು. "ಹಿತ್ತಾಳೆ. ಮಂಗಳೂರಿನಲ್ಲಿ ಮಾಡಿಸಿದ್ದು. ಒಳ್ಳೆ ಕೆಲಸ, ಇಷ್ಟು ವರ್ಷ ಬಂತು."

"ಮತ್ತೆ ಅಸಲು?"

"ಅದನ್ನು ಮಾರಿಯೇ ಅಲ್ವಾ ಮಗಾ ನಿನ್ನನ್ನು ಬಿಎಸ್ಸಿಗೆ ಕಳಿಸಿದ್ದು? ನೀನು ಈ ಬಾಟ್ಲಿ ಹಿಡಿದು ಮನೆಗೆ ಬರ್ತಿ ಅಂತ ನನಗೆಂತ ಗೊತ್ತು?"

ಶನಿವಾರ ಎಲ್ಲರೂ ಬಸ್ಸು ಹತ್ತಿ ಕಾಸರಗೋಡಿನ ಚಿನ್ನದಂಗಡಿಗೆ ಹೋದರು. ಫೆಲ್ಸಿ ಪಕ್ಕದಲ್ಲಿ ಸಲಹೆಗೆಂದು ನಬೀಸುಮ್ಮನನ್ನು ಕೂರಿಸಿಕೊಂಡು ಸರಗಳನ್ನು ಒಂದೊಂದಾಗಿ ತೆಗೆಸಿ ನೋಡಿದಳು. ಮಾಷ್ಟ್ರು ಒಮ್ಮೆ, "ಸಾಂದ್ರತೆ..." ಎಂದು ಬಾಯಿ ತೆರೆದರು. ಫೆಲ್ಸಿ ನೋಡಿದಳು. ಮುಚ್ಚಿದರು.

ಈ ಬಾರಿ ತಾಯಿಯಾದರೂ ತನ್ನ ಪರ ನಿಂತಾರೆಂದು ಮಾಷ್ಟ್ರು ಆಸೆಯಿಂದ ಆಚೆ ತಿರುಗಿದರು. ರೋಸ್ಮೇರಿಬಾಯಿ ಒಂದು ಜೊತೆ ಬೆಂಡೋಲೆಯನ್ನು ಕಿವಿಗೆ ಹಿಡಿದು, ಅಂಗಡಿಯ ಕನ್ನಡಿಯ ಮುಂದೆ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು.