ಟವೆಲ್ ಬಿದ್ದ ಮೇಲೆ

ಎಲ್ಲ ಎಡವಟ್ಟಿಗೂ ಒಂದೇ ಒಂದು ವಾಕ್ಯ ಕಾರಣ. "ಈ ಭಾಗದ ಬಸ್ಸುಗಳಲ್ಲಿ ಪ್ರತಿಯೊಬ್ಬರಿಗೂ ಆರಾಮವಾಗಿ ಸೀಟು ಸಿಗುತ್ತದೆ." ಇದನ್ನು ಇಂಗ್ಲಿಷಿನಲ್ಲಿ ಅರ್ಧ ಟೈಪ್ ಮಾಡುವಷ್ಟರಲ್ಲಿ ಚಿಕ್ಕಸ್ವಾಮಿಯ ಬೆರಳುಗಳು ಮುಷ್ಕರ ಹೂಡಿದವು.

೧೯೯೭ನೇ ಇಸವಿ. ಮೈಸೂರಿನಲ್ಲಿ ಬಾಳೆ ಬೆಳೆಯ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯುತ್ತಿತ್ತು. ಅದಕ್ಕೆ ಬಂದ ಒಂಬತ್ತು ಮಂದಿ ಪರದೇಶದವರು ಅವತ್ತು ಮಧ್ಯಾಹ್ನ ನಂಜನಗೂಡಿನ ಕಪಿಲಾ ಬಾಳೆ ಅಧ್ಯಯನ ಕೇಂದ್ರವನ್ನು ನೋಡಿ, ನರಸೀಪುರದ ಪ್ರವಾಸಿ ಮಂದಿರದಲ್ಲಿ ತಂಗಿ, ಮರುದಿನ ಹೆಮ್ಮಿಗೆಯ ತೋಟಗಳಿಗೆ ಹೋಗುವವರಿದ್ದರು. ಅವರ ಕೈಗೆ ಕೊಡಲು ಒಂದು ಪುಟದ ಪ್ರಯಾಣ ಸೂಚನೆ ಬೇಕಾಗಿತ್ತು. ಕೇಂದ್ರದ ಸೂಪರಿಂಟೆಂಡೆಂಟ್ ಶಿವಮಲ್ಲಪ್ಪನವರು ಮೀಸೆ ತಿರುವುತ್ತಾ ಹೇಳುತ್ತಿದ್ದರು, ಟೈಪಿಸ್ಟ್ ಚಿಕ್ಕಸ್ವಾಮಿ ಕುಟ್ಟುತ್ತಿದ್ದ.

ಇಪ್ಪತ್ತನಾಲ್ಕು ಗಂಟೆಯೂ ಬಿಸಿನೀರು ಎಂದರು, ಕುಟ್ಟಿದ. ಎಲ್ಲ ಅಂಗಡಿಗಳಲ್ಲೂ ಇಂಗ್ಲಿಷ್ ಮಾತಾಡುತ್ತಾರೆ ಎಂದರು, ಹಲ್ಲು ಕಚ್ಚಿಕೊಂಡು ಅದನ್ನೂ ಕುಟ್ಟಿದ. ಸೀಟಿನ ಮಾತು ಬಂದಾಗ ಮಾತ್ರ ಆಗಲಿಲ್ಲ. ಯಾಕೆಂದರೆ ಈ ಭೂಮಿಯ ಮೇಲೆ ಚಿಕ್ಕಸ್ವಾಮಿಗೆ ತನ್ನದು ಅಂತ ಇದ್ದದ್ದೇ ಒಂದು ಸೀಟು. ಆಫೀಸಿನ ಕುರ್ಚಿಗೆ ಮೂರೇ ಕಾಲು, ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ. ಮನೆಯ ಆರಾಮಕುರ್ಚಿಯಲ್ಲಿ ಅತ್ತೆ. ಸಂಜೆ ಐದೂ ನಲವತ್ತರ ನರಸೀಪುರದ ಬಸ್ಸಿನಲ್ಲಿ, ಡ್ರೈವರ್ ಹಿಂದಿನ ಮೂರನೇ ಸಾಲಿನ ಕಿಟಕಿ ಪಕ್ಕದ ಸೀಟನ್ನು ಮಾತ್ರ ಅವನು ಹನ್ನೊಂದು ವರ್ಷದಿಂದ ದಿನವೂ ಕಾದಾಡಿ ಗೆದ್ದುಕೊಂಡಿದ್ದ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಕ್ಕೆ ಟವೆಲ್ ಎಸೆಯಬೇಕು, ಆಮೇಲೆ ನೂಕಾಡಿ ಹತ್ತಬೇಕು. ಅಂಥ ಸೀಟು ಎಲ್ಲರಿಗೂ ಸುಮ್ಮನೆ ಸಿಗುತ್ತದೆ ಎಂದು ತನ್ನ ಕೈಯಿಂದಲೇ ಬರೆಯುವುದೆ?

"ಸಾ, ಇದು ಸುಳ್ಳು" ಎಂದ.

"ಸುಳ್ಳೋ ನಿಜಾನೋ ನಿನಗ್ಯಾಕಯ್ಯಾ? ದೇಶದ ಮರ್ಯಾದೆ ಪ್ರಶ್ನೆ. ಕುಟ್ಟು."

"ಬಿಸಿನೀರಿನ ಸುಳ್ಳು ಕುಟ್ಟಿವ್ನಿ ಸಾ. ಸೀಟಿನ ಸುಳ್ಳು ನನ್ ಕೈಲಾಗಕ್ಕಿಲ್ಲ."

"ಊಟ ಮುಗಿಸಿ ಬರ್ತೀನಿ. ಅಷ್ಟೊತ್ಗೆ ಹಾಳೆ ನನ್ ಟೇಬಲ್ ಮೇಲಿರ್ಬೇಕು!" ಎಂದು ಶಿವಮಲ್ಲಪ್ಪನವರು ಬುಸುಗುಡುತ್ತಾ ಎದ್ದುಹೋದರು.

ಅವರ ಬೆನ್ನು ಮರೆಯಾಗುತ್ತಿದ್ದಂತೆ ಚಿಕ್ಕಸ್ವಾಮಿ ಅರ್ಧ ಕುಟ್ಟಿದ್ದನ್ನು ಮಿಷಿನ್ನಿನಿಂದ ಎಳೆದು ಪರಪರ ಹರಿದು, ಮಿಷಿನ್ನಿಗೆ ಹೊಸ ಸ್ಟೆನ್ಸಿಲ್ ಏರಿಸಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ಬೇರೆಯವರು ಹೇಳಿದ್ದಲ್ಲದೆ ತನಗೆ ತೋಚಿದ್ದನ್ನು ಟೈಪ್ ಮಾಡಲು ಕೂತಿದ್ದ. ಸುದ್ದಿ ತಿಳಿದು ಆಫೀಸಿಗೆ ಆಫೀಸೇ ಅವನ ಮೇಜಿನ ಸುತ್ತ ನೆರೆಯಿತು. ಇಂಗ್ಲಿಷ್ ಬಲ್ಲ ಗುಮಾಸ್ತೆ ಪವಿತ್ರಾ ವಾಕ್ಯ ಜೋಡಿಸಿಕೊಡಲು ನಿಂತಳು.

"ದಾರಿ ಇಚಾರ ಆಕು ಚಿಕ್ಕಸಾಮಣ್ಣ" ಎಂದ ಅಟೆಂಡರ್ ಮಾರಯ್ಯ. "ನಮ್ ಜನ 'ಇಲ್ಲೇ ಅತ್ರ' ಅಂದ್ರೆ ಕಮ್ಮಿ ಅಂದ್ರೂ ಏಳೆಂಟು ಮೈಲಿ ಅಂತ ಬರಿ. ಪಾಪ, ನಂಬ್ಕೊಂಡು ನಡ್ಕೊಂಡೇ ಒಂಟೋದಾರು."

ಕಸ ಗುಡಿಸುವ ವೆಂಕಟಮ್ಮ ಪೊರಕೆ ಊರಿ ನಿಂತಳು. "ಊಟುದ್ದೂ ಬರ್ಕಳಪ್ಪ. ಬ್ಯಾಡ ಅಂದ್ರೆ ಇನ್ನೊಂದು ಮುದ್ದೆ ಬೀಳ್ತದೆ. ಎಲೆ ಮ್ಯಾಲೆ ಕೈ ಅಡ್ಡ ಇಡ್ಬೇಕು ಅನ್ನು."

"ಬಸ್ಸಲ್ಲಿ ಸಂಬಳ ಎಷ್ಟು, ಮಕ್ಕಳೆಷ್ಟು ಅಂತ ಕೇಳ್ತಾರೆ, ಅದು ಜಗಳ ಅಲ್ಲ ಅಂತಾನೂ ಹಾಕೋಣ" ಎಂದಳು ಪವಿತ್ರಾ.

ಎಲ್ಲವನ್ನೂ ಕುಟ್ಟಿ, ಐದೂ ನಲವತ್ತರ ಬಸ್ಸಿನ ವೇಳೆಯನ್ನೂ ಸೇರಿಸಿ, ಕೊನೆಗೆ ಚಿಕ್ಕಸ್ವಾಮಿ ತನ್ನ ವಿಷಯಕ್ಕೆ ಬಂದ. ಅವನ ಕಣ್ಣ ಮುಂದೆ ಹುಚ್ಚಯ್ಯ ಬಂದು ನಿಂತ. ಆ ಹುಚ್ಚಯ್ಯ ಬೀಜದಂಗಡಿಯವನು. ದಿನಾ ಹಲ್ಲು ಕಿರಿಯುತ್ತಾ ಬಂದು "ಇದು ನಾನ್ ಕೂರೋ ಸೀಟು ಕಣಣ್ಣ, ಸೊಂಟ ನೋವು" ಎಂದು ರಾಗ ಎಳೆಯುವ ಆಸಾಮಿ. ಚಿಕ್ಕಸ್ವಾಮಿ ಕೀಲಿಗಳು ಮುರಿಯುವಂತೆ ಕುಟ್ಟಿದ: "ಬಸ್ಸು ಬಂದ ಕೂಡಲೆ ಕಿಟಕಿಯೊಳಗೆ ಟವೆಲ್ ಎಸೆಯಿರಿ. ಟವೆಲ್ ಬಿದ್ದ ಮೇಲೆ ಸೀಟು ನಿಮ್ಮದು. ನಾನು ದಿನವೂ ಇಲ್ಲೇ ಕೂರುವವನು ಎಂದು ಯಾರಾದರೂ ಬಂದು ಮುಖ ಸಣ್ಣ ಮಾಡಿದರೆ ಕರಗಬೇಡಿ, ಏಳಬೇಡಿ."

ಊಟ ಭರ್ಜರಿಯಾಗಿತ್ತೆಂದು ಕಾಣುತ್ತದೆ. ಶಿವಮಲ್ಲಪ್ಪನವರು ತೂಕಡಿಸುತ್ತಲೇ ಬಂದು, ಓದದೆಯೇ ಸಹಿ ಎಳೆದರು. ಮಾರಯ್ಯ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹನ್ನೆರಡು ಪ್ರತಿ ಉರುಳಿಸಿದ.

ಮೂರು ಗಂಟೆಗೆ ಅತಿಥಿಗಳು ಬಂದರು. ಶಾಲು ದುಬಾರಿಯೆಂದು ಶಿವಮಲ್ಲಪ್ಪನವರು ಸನ್ಮಾನಕ್ಕೆ ಕೆಂಪಂಚಿನ ಟವೆಲ್ ತರಿಸಿದ್ದರು. ಎಂಟು ಜನಕ್ಕೆ ಹೊದಿಸುವಷ್ಟರಲ್ಲಿ ಟವೆಲ್ ಮುಗಿಯಿತು. ಒಂಬತ್ತನೆಯವಳು ಬ್ರೆಜಿಲ್ ದೇಶದ ಬಿಳಿಗೂದಲಿನ ಹೆಂಗಸು, ತಲೆ ಬಾಗಿಸಿಕೊಂಡು ನಿಂತಿದ್ದಳು. ಶಿವಮಲ್ಲಪ್ಪನವರು ಅತ್ತಿತ್ತ ನೋಡಿ, ಪಕ್ಕದಲ್ಲಿದ್ದ ಚಿಕ್ಕಸ್ವಾಮಿಯ ಹೆಗಲ ಮೇಲಿನ ನೀಲಿ ಅಂಚಿನ ಟವೆಲನ್ನು ಸರ್‍ರನೆ ಎಳೆದು ಆಕೆಗೆ ಹೊದಿಸಿ ನಮಸ್ಕಾರ ಮಾಡಿದರು. ಜನ ಚಪ್ಪಾಳೆ ತಟ್ಟಿದ್ದರಿಂದ ಚಿಕ್ಕಸ್ವಾಮಿಯೂ ತಟ್ಟಿದ.

ಐದು ಗಂಟೆಯಾದರೂ ನರಸೀಪುರಕ್ಕೆ ಕರೆದೊಯ್ಯಬೇಕಾದ ವ್ಯಾನ್ ಬರಲಿಲ್ಲ. ಅದು ಶಿವಮಲ್ಲಪ್ಪನವರ ಭಾವಮೈದನದು. ಮದುವೆ ದಿಬ್ಬಣ ಸಿಕ್ಕಿತೆಂದು ಗುಂಡ್ಲುಪೇಟೆಗೆ ಹೊರಟುಹೋಗಿತ್ತು. ಶಿವಮಲ್ಲಪ್ಪನವರ ಮುಖ ಬೆವರಿತು. ಅಷ್ಟರಲ್ಲಿ ಬ್ರೆಜಿಲ್ ಹೆಂಗಸು ತನಗೆ ಕೊಟ್ಟಿದ್ದ ಸೂಚನೆಯ ಹಾಳೆ ಬಿಡಿಸಿ, ಐದೂ ನಲವತ್ತಕ್ಕೆ ಬಸ್ಸಿದೆಯೆಂದು ಓದಿ ಹೇಳಿದಳು. ಒಂಬತ್ತು ಮಂದಿಯೂ ಬ್ಯಾಗು ಏರಿಸಿಕೊಂಡು ಬಸ್ ಸ್ಟ್ಯಾಂಡಿನತ್ತ ಹೊರಟೇಬಿಟ್ಟರು.

ಎಲ್ಲಿಯ ಬಸ್ಸು ಎಂದು ಶಿವಮಲ್ಲಪ್ಪನವರು ಮಾರಯ್ಯನ ಕೈಯಿಂದ ಇನ್ನೊಂದು ಪ್ರತಿ ಕಿತ್ತುಕೊಂಡು ಓದಿದರು. ಓದುತ್ತಾ ಓದುತ್ತಾ ಅವರ ಮೀಸೆ ಎರಡೂ ಕಡೆ ಇಳಿಬಿತ್ತು.

"ಲೇ, ನನ್ ಸಹಿ ಇರೋ ಹಾಳೇಲಿ ಇದೇನ್ಲಾ ಬರ್ದಿದ್ದೀಯ? ಇದ್ರಲ್ಲಿ ಒಂದಕ್ಷರ ಸುಳ್ಳಾಗ್ಲಿ, ಒಬ್ರು ಕಂಪ್ಲೇಂಟ್ ಮಾಡ್ಲಿ, ನಾಳೆಯಿಂದ ನಿನಗೆ ಕೆಲಸ ಇಲ್ಲ!"

ಚಿಕ್ಕಸ್ವಾಮಿ ಎದೆ ಸೆಟೆದು ನಿಂತ. "ಒಂದಕ್ಷರ ಸುಳ್ಳಾದ್ರೆ ರಾಜೀನಾಮೆ ನಾನೇ ಟೈಪ್ ಮಾಡ್ಕೊಡ್ತೀನಿ ಸಾ. ಬನ್ನಿ, ನೋಡಿ."

ಇಬ್ಬರೂ ಬಸ್ ಸ್ಟ್ಯಾಂಡಿಗೆ ಓಡಿದರು. ಬಸ್ಸು ಆಗತಾನೇ ತಿರುವಿನಲ್ಲಿ ಮೂತಿ ತೋರಿಸಿತ್ತು. ಹುಚ್ಚಯ್ಯನೂ ಸೇರಿ ಊರ ಜನ ಟವೆಲ್ ಝಾಡಿಸುವ ಮೊದಲೇ ಒಂಬತ್ತು ಟವೆಲುಗಳು ಒಂಬತ್ತು ಕಿಟಕಿಯೊಳಗೆ ಹಾರಿದವು. ಕೀನ್ಯಾದ ಉದ್ದನೆಯ ಪ್ರೊಫೆಸರು ಎಸೆದ ರಭಸಕ್ಕೆ ಜನ ಶಿಳ್ಳೆ ಹೊಡೆದರು. ಹುಚ್ಚಯ್ಯ ಬಾಯಿ ಬಿಟ್ಟುಕೊಂಡು ನಿಂತ. ಚಿಕ್ಕಸ್ವಾಮಿಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ತಾನು ಬರೆದದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು.

ನೂಕಾಡಿಕೊಂಡು ಒಳಗೆ ಹತ್ತಿದ. ಮೂರನೇ ಸಾಲು, ಕಿಟಕಿ ಪಕ್ಕ. ಅವನ ಸೀಟಿನ ಮೇಲೆ ಅವನದೇ ನೀಲಿ ಅಂಚಿನ ಟವೆಲ್! ಅಭ್ಯಾಸಬಲದಿಂದ, ಸದ್ಯ ಸೀಟು ಸಿಕ್ಕಿತಲ್ಲ ಎಂದು ಉಸಿರುಬಿಟ್ಟ. ಮರುಕ್ಷಣ ಆ ಟವೆಲಿನ ಮೇಲೆ ಬ್ರೆಜಿಲ್ ಹೆಂಗಸು ಸುಖಾಸೀನಳಾದಳು.

"ಮೇಡಂ, ಅದು... ನಾನು ದಿನಾ ಅಲ್ಲೇ..." ಎಂದು ಚಿಕ್ಕಸ್ವಾಮಿ ಹರಕು ಇಂಗ್ಲಿಷಿನಲ್ಲಿ ತೊದಲಿದ.

ಆಕೆ ಅವನ ಸಣ್ಣಗಾದ ಮುಖವನ್ನು ಕನಿಕರದಿಂದ ನೋಡಿದಳು. ಆಮೇಲೆ ಹಾಳೆ ಬಿಡಿಸಿ, ಬೆರಳಿಟ್ಟು ಗಟ್ಟಿಯಾಗಿ ಓದಿದಳು: "ಕರಗಬೇಡಿ, ಏಳಬೇಡಿ."

"ಎಬ್ಬಿಸ್ಲಾ ಚಿಕ್ಕಸಾಮಣ್ಣ?" ಎಂದ ಕಂಡಕ್ಟರ್ ನಿಂಗರಾಜು. "ನಿನ್ ಸೀಟು ಅಂತ ಇಡೀ ಬಸ್ಗೇ ಗೊತ್ತು."

ಕಿಟಕಿಯ ಹೊರಗೆ ಶಿವಮಲ್ಲಪ್ಪನವರ ತಲೆ ಮೇಲೆದ್ದಿತು. ಮೀಸೆ ಮತ್ತೆ ನೆಟ್ಟಗಾಗಿತ್ತು. "ಏನಯ್ಯಾ, ಎಬ್ಬಿಸ್ತೀಯಾ? ಹಾಗಾದ್ರೆ ಹಾಳೇಲಿ ಬರ್ದಿದ್ದು ಸುಳ್ಳಾ?"

"ಸುಳ್ಳಲ್ಲ ಸಾ!" ಚಿಕ್ಕಸ್ವಾಮಿ ಬಸ್ಸು ನಡುಗುವಂತೆ ಕೂಗಿದ. "ಟವೆಲ್ ಬಿದ್ಮೇಲೆ ಮುಗೀತು. ಯಾರೂ ಏಳ್ಬೇಕಾಗಿಲ್ಲ!" ಹಾಗೆಂದು ಮೇಲಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತ. ನಿಂಗರಾಜು ರೈಟ್ ಹೇಳಿದ, ಬಸ್ಸು ಹೊರಟಿತು. ಹುಚ್ಚಯ್ಯ ಬಂದು ಅವನ ಕಾಲು ತುಳಿದುಕೊಂಡು ಪಕ್ಕದಲ್ಲೇ ನಿಂತ.

ಸ್ವಲ್ಪ ದೂರ ಹೋದ ಮೇಲೆ ಬ್ರೆಜಿಲ್ ಹೆಂಗಸಿಗೆ ಪಾಪ ಅನ್ನಿಸಿರಬೇಕು. ಮೊದಲು ಸೂಚನೆಯ ಪ್ರಕಾರ ಸಂಬಳ ಎಷ್ಟು, ಮಕ್ಕಳೆಷ್ಟು ಎಂದು ವಿಚಾರಿಸಿದಳು. ಆಮೇಲೆ, ನೀವು ಇಳಿಯುವ ಊರು ಇನ್ನೆಷ್ಟು ದೂರ, ಎಲ್ಲಿವರೆಗೆ ನಿಂತಿರಬೇಕು ಎಂದು ಕೇಳಿದಳು.

ಚಿಕ್ಕಸ್ವಾಮಿ ಸೋತವನಂತೆ ಕಾಣಬಾರದೆಂದು ನಕ್ಕ. "ಇಲ್ಲೇ ಹತ್ತಿರ" ಎಂದ.

ಆಕೆ ಹಾಳೆಯಲ್ಲಿ ಹುಡುಕಿ ನೋಡಿ, ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ದೇವರೇ, ಅಷ್ಟೊಂದು ದೂರವೇ?" ಎಂದು, ಟವೆಲ್ ಸರಿಪಡಿಸಿಕೊಂಡು ಇನ್ನಷ್ಟು ಗಟ್ಟಿಯಾಗಿ ಕೂತಳು.