ಕೆಂಚ ಊಟ ಬಿಟ್ಟದ್ದು

ನಾಯಿ ಸಾಕಿದವರೆಲ್ಲ ಅದರ ಬುದ್ಧಿಯನ್ನು ಹೊಗಳಿಕೊಳ್ಳುತ್ತಾರೆ. ಅದರ ಊಟದ ವಿಚಾರ ಬಂದರೆ ಮಾತ್ರ ಮಾತು ಬದಲಿಸುತ್ತಾರೆ. ಕಾರಣವಿದೆ. ನಾಯಿ ಹೇಗೆ ಉಣ್ಣುತ್ತದೆ ಎಂದು ಹೇಳಹೊರಟರೆ ಆ ಮನೆಯವರು ಹೇಗೆ ಉಣ್ಣುತ್ತಾರೆ ಎಂಬುದೂ ಹೊರಬೀಳುತ್ತದೆ. ನನ್ನದಂತೂ ಊರಿಗೆಲ್ಲ ತಿಳಿದುಹೋಗಿರುವುದರಿಂದ ನಾನು ಧಾರಾಳವಾಗಿ ಹೇಳಬಲ್ಲೆ.

ಆಗ ಯುದ್ಧದ ಕಾಲ. ನಾನು ಮದ್ದೂರಿನಲ್ಲಿ ಮೇಷ್ಟ್ರು. ಮನೆಯಲ್ಲಿ ನಾನು, ನನ್ನ ಹೆಂಡತಿ ತಾಯಮ್ಮ, ಕಂದು ಬಣ್ಣದ ನಾಯಿ ಕೆಂಚ, ಇಷ್ಟೇ ಜನ. ಊಟಕ್ಕೆ ಕೂತಾಗ ನನ್ನ ಮುಖಕ್ಕೂ ತಾಯಮ್ಮನ ಮುಖಕ್ಕೂ ನಡುವೆ ವೃತ್ತಪತ್ರಿಕೆ ಇರುತ್ತಿತ್ತು. ಒಂದು ದಿನ ಅವಳು ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡು ಉಂಡು, "ಚೆನ್ನಾಗಿದೆ" ಎಂದೆ.

"ನಿಮಗೆ ಬಡುಸೋದೂ ಒಂದೇ, ಗ್ವಾಡೆಗೆ ಬಡುಸೋದೂ ಒಂದೇ. ನಾನು ನಮ್ಮವ್ವನ ಮನೆಗೆ ಓಯ್ತೀನಿ" ಎಂದವಳು ಮಧ್ಯಾಹ್ನದ ಬಸ್ಸಿಗೆ ಮಳವಳ್ಳಿಗೆ ಹೊರಟೇ ಹೋದಳು.

ಆವತ್ತಿನಿಂದ ಕೆಂಚ ಊಟ ಬಿಟ್ಟ. ನಾನು ತೊಳಸಿದ ಮುದ್ದೆಯಲ್ಲಿ ಗಂಟುಗಳಿದ್ದವು, ಒಪ್ಪಿಕೊಳ್ಳುತ್ತೇನೆ. ಆದರೆ ಹಾಲನ್ನೂ ಮುಟ್ಟಲಿಲ್ಲ. ತಟ್ಟೆಯನ್ನು ಮೂಸಿ, ಅಡುಗೆಮನೆಯ ಬಾಗಿಲನ್ನು ನೋಡಿ, ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗುತ್ತಿದ್ದ. ಮೂರನೆಯ ದಿನ ಪಕ್ಕದ ಮನೆಯ ಸಿದ್ದಮ್ಮ ಬೇಲಿಯಾಚೆಯಿಂದ ಹೇಳಿದರು: "ತಟ್ಟೆ ಮಡುಗ್ಬುಟ್ಟು ನೀವು ಪೇಪರು ಓದ್ತಾ ಕುಂತ್ರೆ ಅದೆಂಗೆ ಉಣ್ತದೆ ಮೇಷ್ಟ್ರೇ? ನಿಮ್ಮನೆಯೋರು ದಿನಾ ಅದ್ರ ಪಕ್ಕ ಕುಂತ್ಕಂಡು ಮಾತಾಡ್ಸೋರು."

ಇದು ನನಗೆ ಹೊಸ ಸುದ್ದಿ. ಆರು ವರ್ಷ ಒಂದೇ ಮನೆಯಲ್ಲಿದ್ದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಕೆಂಚನ ಪಕ್ಕದಲ್ಲಿ ಕೂತೆ. ನಾಯಿಯೊಡನೆ ಏನು ಮಾತಾಡುವುದು? ಯುದ್ಧದ ವಿಚಾರ ಹೇಳಿದೆ. ಆಮೇಲೆ, ಬೇರೇನೂ ತೋಚದೆ, ವಿಭಕ್ತಿ ಪ್ರತ್ಯಯಗಳನ್ನು ಹೇಳಿದೆ. ಕೆಂಚ ದೊಡ್ಡದಾಗಿ ಆಕಳಿಸಿದ. ಅವನ ಪಕ್ಕೆಲುಬು ಎಣಿಸುವಂತಾಗಿತ್ತು. ಆಗ ನನಗೆ ನಿಜವಾಗಿ ಭಯವಾಯಿತು. ಮನೆಯಲ್ಲಿ ಕಾಯಿಲೆ ಎಂದು ಶಾಲೆಗೆ ರಜೆ ಚೀಟಿ ಬರೆದು ಕಳಿಸಿದೆ. ಕೆಂಚನನ್ನು ಎತ್ತಿಕೊಂಡು ಬಸ್ಸು ಹತ್ತಿದೆ.

ಡ್ರೈವರ್ ಖಾದರ್ ಸಾಬರು ಕೇಳಿದರು: "ಏನಾಗದೆ ಮೇಷ್ಟ್ರೇ ಇದ್ಕೆ?"

"ಊಟ ಬಿಟ್ಟಿದೆ."

"ಆಸ್ಪತ್ರೆಗಾ?"

"ಇಲ್ಲ, ಅತ್ತೆ ಮನೆಗೆ."

ಅವರು ತಮ್ಮ ಹಿಂದಿನ ಸೀಟಿನಲ್ಲೇ ಜಾಗ ಮಾಡಿಕೊಟ್ಟರು.

ಪೆಟ್ರೋಲ್ ಸಿಗದ ದಿನಗಳು. ಬಸ್ಸು ಇದ್ದಿಲ ಹೊಗೆಯ ಬಲದಿಂದ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದಕ್ಕಿಂತ ತೇಲುತ್ತಿತ್ತು ಎನ್ನಬೇಕು. ಎರಡೂ ಕಡೆ ಕಬ್ಬಿನ ಗದ್ದೆ, ಎಳೆಬಿಸಿಲು, ನಾಲೆಯ ನೀರಿನ ಮೇಲೆ ಬಸ್ಸಿನ ನೆರಳು. ತೊಡೆಯ ಮೇಲೆ ಕೆಂಚನ ತಲೆ ಬೆಚ್ಚಗಿತ್ತು. ಅರೆನಿದ್ದೆಯಲ್ಲಿ ಯಾರೋ ನನ್ನನ್ನು ಏನೋ ಕೇಳುತ್ತಿದ್ದಂತೆ, ನಾನು ತಲೆಯೆತ್ತಿ ಉತ್ತರ ಹೇಳುತ್ತಿದ್ದಂತೆ ಅನಿಸಿತು. ಏನು ಉತ್ತರ ಹೇಳಿದೆನೋ ನೆನಪಿಲ್ಲ. ಹೇಳಿದ ಸುಖ ಮಾತ್ರ ಮಳವಳ್ಳಿಯವರೆಗೂ ಉಳಿದಿತ್ತು.

ತಾಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಲಿಲ್ಲ. ಕೆಂಚನನ್ನು ನೋಡಿ ಒಳಗೆ ಹೋಗಿ ಮುದ್ದೆ ತಂದಳು. ಅವನ ಪಕ್ಕದಲ್ಲಿ ಕೂತು ಮುರಿದು ಹಾಕುತ್ತ, "ಯಾಕ್ಲಾ ಕೆಂಚ, ಇಂಗೆ ಸೊರಗೋಗಿದ್ದೀಯ? ಆ ಮನೇಲಿ ಮಾತಾಡೋರು ಯಾರೂ ಇರ್ನಿಲ್ವಾ?" ಎಂದಳು. ಕೆಂಚ ತಟ್ಟೆಯನ್ನು ನೆಕ್ಕಿ ಬೆಳಗಿದಂತೆ ಮಾಡಿದ. ನಾನು ಅಂಗಳದಲ್ಲೇ ನಿಂತಿದ್ದೆ.

"ತಪ್ಪಾಯಿತು ಕಣೇ. ನಾಳೆ ಹೋಗೋಣವೇ?" ಎಂದೆ.

ಅವಳು ಕೆಂಚನ ಬೆನ್ನು ಸವರುತ್ತ, "ನಾಕ್ ದಿವ್ಸ ಅದು ಸರ್ಯಾಗಿ ಉಣ್ಲಿ, ಆಮೇಕೆ ನೋಡವ" ಎಂದು, ನನಗೂ ಒಂದು ಮಣೆ ಹಾಕಿದಳು. ಆ ನಾಲ್ಕು ದಿನ ಅತ್ತೆ ಸಾಕೆಂದರೂ ಬಿಡದೆ ಬಡಿಸಿದರು, ತಾಯಮ್ಮ ಮಾತಾಡಿದಳು, ನಾನು ಕೇಳಿಸಿಕೊಂಡೆ, ನಾನೂ ಮಾತಾಡಿದೆ. ಐದನೆಯ ದಿನ ಮೂವರೂ ಮದ್ದೂರಿಗೆ ಬಂದೆವು.

ಶಾಲೆಯಲ್ಲಿ ಹೆಡ್‌ಮಾಸ್ಟರು ಕರೆಸಿದರು. "ಯಾರಿಗೆ ಕಾಯಿಲೆಯಾಗಿತ್ತು?"

"ನಾಯಿಗೆ ಸಾರ್. ಊಟ ಬಿಟ್ಟಿತ್ತು."

ಅವರು ಕನ್ನಡಕದ ಮೇಲಿಂದ, ಹೊಟ್ಟೆಯ ಮೇಲೆ ಗುಂಡಿ ಕೂಡದ ನನ್ನ ಕೋಟನ್ನು ನೋಡಿದರು. "ಚೇತರಿಸಿಕೊಂಡಿರಬೇಕು. ನಿಮ್ಮ ಕೋಟಿನಲ್ಲೇ ಕಾಣುತ್ತಿದೆ" ಎಂದರು.

ನಾನು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದು, ಕೋಟಿನ ಗುಂಡಿ ಹಾಕಿಕೊಂಡು ತರಗತಿಗೆ ಹೋದೆ.